ಗೆಲ್ಲಿಸುವ ಲಾಯರ್ ಅಲ್ಲ, ಕೋರ್ಟಿಗೆ ಹೋಗದ ಲಾಯರ್ ಹುಡುಕಿ

‘ಮಗ, ಸೊಸೆ ಬೇರೆಯಾಗ್ತಿದ್ದಾರೆ, ಅಲ್ಲೊಬ್ಬ ಒಳ್ಳೆಯ ಲಾಯರ್ ಹೇಳಿ.’ ಡಲ್ಲಾಸ್‌ನಲ್ಲಿ ಬಹಳ ವರ್ಷಗಳಿಂದ ಇರುವ ನನಗೆ ಊರಿನಿಂದ ಇಂಥ ಫೋನ್ ಬರುವುದು ಹೊಸದಲ್ಲ. ಮೊನ್ನೆ ದಾವಣಗೆರೆಯ ತಾಯಿಯೊಬ್ಬರು ಇನ್ನೂ ಒಂದು ಮಾತು ಸೇರಿಸಿದರು: ‘ಖರ್ಚು ಎಷ್ಟಾದರೂ ಆಗಲಿ, ನಾವು ಸೋಲಬಾರದು.’ ಅರ್ಧ ಗಂಟೆಯ ಮಾತಿನಲ್ಲಿ ನಾಲ್ಕು ವರ್ಷದ ಮೊಮ್ಮಗಳ ವಿಷಯ ಬರಲೇ ಇಲ್ಲ.

ಕೋರ್ಟಿಗೆ ಹೋಗದ ಲಾಯರ್ ಹುಡುಕೋಣ ಎಂದೆ. ತಮಾಷೆ ಎಂದುಕೊಂಡರು. ಆದರೆ ಅಂಥವರು ಇಲ್ಲಿ ನಿಜಕ್ಕೂ ಇದ್ದಾರೆ. ಮಿನಿಯಾಪೊಲಿಸ್‌ನ ಸ್ಟುವರ್ಟ್ ವೆಬ್ ಎಂಬ ವಕೀಲರು ವಿಚ್ಛೇದನ ಮೊಕದ್ದಮೆಗಳ ಕಿತ್ತಾಟದಿಂದ ಬೇಸತ್ತು, ಇನ್ನು ರಾಜಿಗಷ್ಟೇ ವಕಾಲತ್ತು ಎಂದು 1990ರಲ್ಲಿ ತೀರ್ಮಾನಿಸಿದರು. ‘ಕೊಲಾಬರೇಟಿವ್ ಲಾ’ ಶುರುವಾದದ್ದು ಹಾಗೆ. ಟೆಕ್ಸಾಸ್ 2001ರಲ್ಲೇ ಇದಕ್ಕೆ ಕಾನೂನಿನ ರೂಪ ಕೊಟ್ಟಿತು.

ಗಂಡನಿಗೊಬ್ಬರು, ಹೆಂಡತಿಗೊಬ್ಬರು ವಕೀಲರು. ಸಂಬಳ, ಸಾಲ, ಷೇರು ಯಾವುದನ್ನೂ ಮುಚ್ಚಿಡುವುದಿಲ್ಲ ಎಂದು ಬರೆದು ಸಹಿ ಹಾಕಿ, ಒಂದೇ ಮೇಜಿನ ಸುತ್ತ ಕೂರುತ್ತಾರೆ. ಮಾತುಕತೆ ಮುರಿದುಬಿದ್ದರೆ ಇಬ್ಬರು ವಕೀಲರೂ ಹೊರಹೋಗಬೇಕು. ಕೋರ್ಟಿನಲ್ಲಿ ಆ ಜಗಳಕ್ಕೆ ಅವರು ವಾದಿಸುವಂತಿಲ್ಲ. ಇದರ ಜೀವ ಇರುವುದೇ ಈ ಷರತ್ತಿನಲ್ಲಿ. ಜಗಳ ಬೆಳೆದರೆ ಫೀಸು ಸಿಗದ ವಕೀಲ ಬೆಂಕಿಗೆ ತುಪ್ಪ ಸುರಿಯುವುದಿಲ್ಲ. ಮಧ್ಯಸ್ಥಗಾರ ಯಾರ ಪರವೂ ಸಲಹೆ ಕೊಡುವಂತಿಲ್ಲ. ಇಲ್ಲಿ ಅವರವರ ವಕೀಲರು ಪಕ್ಕದಲ್ಲೇ ಇರುತ್ತಾರೆ. ಎಚ್–4 ವೀಸಾದಲ್ಲಿ ಬಂದು, ಮನೆಯ ಲೆಕ್ಕ ನೋಡಿಯೇ ಇರದ ಹೆಣ್ಣುಮಗಳಿಗೆ ಇದು ಸಣ್ಣ ಮಾತಲ್ಲ.

ವಿಚ್ಛೇದನವಾದ ದಿನವೇ ಅವಳ ಎಚ್–4 ಆಧಾರವೂ ಹೋಗುತ್ತದೆ. ಕೋರ್ಟಿನ ಕ್ಯಾಲೆಂಡರ್ ಅದಕ್ಕೆ ಕಾಯುವುದಿಲ್ಲ. ಮೇಜಿನ ಸುತ್ತ ಕೂತವರು ಅವಳಿಗೆ ಬೇರೆ ವೀಸಾ ಆಗುವವರೆಗೆ ಡಿಕ್ರಿ ಬೇಡ ಎಂದು ಒಪ್ಪಿಕೊಳ್ಳಬಹುದು. ಒಡವೆಯದೂ ಅಷ್ಟೇ. ಡಲ್ಲಾಸ್‌ನ ನ್ಯಾಯಾಧೀಶರು ದಾವಣಗೆರೆಯ ಲಾಕರ್ ತೆಗೆಸಲಾರರು. ಒಪ್ಪಂದದಲ್ಲಿ ಬಳೆ ಬಳೆಯ ಲೆಕ್ಕವನ್ನೂ ಬರೆಯಬಹುದು.

ಊರಿನ ಕಾನೂನನ್ನೂ ಮರೆಯುವಂತಿಲ್ಲ. ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದವರಲ್ಲಿ ಒಬ್ಬರು ಇಲ್ಲಿ ‘ಹೊಂದಾಣಿಕೆ ಇಲ್ಲ’ ಎಂಬ ಕಾರಣಕ್ಕೆ ಏಕಪಕ್ಷೀಯವಾಗಿ ತಂದ ಡಿಕ್ರಿ ಭಾರತದಲ್ಲಿ ನಿಲ್ಲುವುದು ಕಷ್ಟ ಎಂಬುದು ಸುಪ್ರೀಂ ಕೋರ್ಟ್ 1991ರಲ್ಲಿ ನರಸಿಂಹ ರಾವ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ ಸ್ಪಷ್ಟ. ಇಬ್ಬರೂ ಒಪ್ಪಿ ಪಡೆದ ಡಿಕ್ರಿಯ ಮಾತು ಬೇರೆ. ಇಲ್ಲಿ ಗೆದ್ದೆವೆಂದು ಸಿಹಿ ಹಂಚಿದವರು ಊರಿನ ಕೋರ್ಟಿನಲ್ಲಿ ಮತ್ತೆ ಮೊದಲಿಂದ ಶುರುಮಾಡಿದ್ದನ್ನು ನೋಡಿದ್ದೇನೆ.

ಇದು ಅಗ್ಗವೇನಲ್ಲ. ಇಬ್ಬರು ವಕೀಲರ ಜೊತೆಗೆ ಹಣಕಾಸಿನ ತಜ್ಞರು, ಆಪ್ತಸಮಾಲೋಚಕರೂ ಸೇರುವುದುಂಟು; ಮುರಿದುಬಿದ್ದರೆ ಹೊಸ ವಕೀಲರಿಗೆ ಮತ್ತೆ ದುಡ್ಡು. ಹೊಡೆತ ಬಡಿತ ಇರುವ ಮನೆಗೆ, ಪಾಸ್‌ಪೋರ್ಟ್ ಬಚ್ಚಿಟ್ಟಿರುವ ಮನೆಗೆ ನಾನು ಇದನ್ನು ಹೇಳುವುದೇ ಇಲ್ಲ. ಅಲ್ಲಿ ಪೊಲೀಸರು ಬೇಕು, ನ್ಯಾಯಾಧೀಶರ ಆದೇಶ ಬೇಕು. ‘ಹೊಂದಿಕೊಂಡು ಹೋಗಮ್ಮ’ ಎನ್ನುವುದಕ್ಕೆ ಇದು ಇನ್ನೊಂದು ಹೆಸರಾಗಬಾರದು.

ಊರಲ್ಲಿರುವ ಹಿರಿಯರಲ್ಲಿ ಒಂದು ಕೋರಿಕೆ: ಆ ಮೇಜಿನಲ್ಲಿ ನಿಮಗೆ ಕುರ್ಚಿ ಇಲ್ಲ. ಸಭೆ ನಡೆಯುತ್ತಿರುವಾಗಲೇ ಅಮ್ಮ ವಾಟ್ಸ್‌ಆ್ಯಪ್‌ನಲ್ಲಿ ಕೊಟ್ಟ ಸೂಚನೆಯಿಂದ ಕೆಟ್ಟ ಮಾತುಕತೆಗಳಿವೆ. ಇಲ್ಲಿ ರಾಜಿ ಸಾಗಿರುವಾಗ ಅಲ್ಲಿ ಬೀಗರ ಮೇಲೆ ದೂರು ಬರೆಸಿದರೆ ಮೇಜು ಖಾಲಿಯಾಗುತ್ತದೆ.

ಆ ತಾಯಿ ಮತ್ತೆ ಫೋನ್ ಮಾಡಿಲ್ಲ. ಮಗ ಮಾಡಿದ್ದ. ಅಂಥ ಇಬ್ಬರು ವಕೀಲರ ಹೆಸರು ಬೇಕಂತೆ, ತನಗೊಬ್ಬರು, ಅವಳಿಗೊಬ್ಬರು. ನಿನ್ನದು ಹೇಳುತ್ತೇನೆ, ಅವಳ ವಕೀಲರನ್ನು ಅವಳೇ ಆರಿಸಿಕೊಳ್ಳಲಿ ಎಂದೆ.