ಮಾರಿದ ಮಾನವು ಸೇಡಿನಿಂದ ಮರಳದು

ಮಾನವೆಂಬುದು ಮನುಷ್ಯನಿಗೆ ಉಸಿರಿನಷ್ಟೇ ಹತ್ತಿರದ ವಸ್ತು. ಅದನ್ನು ಉಳಿಸಿಕೊಳ್ಳುವ ಹಂಬಲವು ಸಿರಿವಂತನಿಗಿಂತ ಸಾಮಾನ್ಯ ಗೃಹಸ್ಥನಲ್ಲಿ ಹೆಚ್ಚಾಗಿರುವುದು ಸಹಜ. ಸಿರಿವಂತನ ಮಾನ ಹೋದರೂ ಅವನ ಮನೆ ಮಠ ಉಳಿಯುತ್ತವೆ. ದುಡಿದು ಉಣ್ಣುವ ಸಂಸಾರಿಗೆ ಮಾನ ಹೋದರೆ ಉಳಿಯುವುದು ಏನೂ ಇಲ್ಲ. ಆದುದರಿಂದಲೇ ಮಧ್ಯಮ ವರ್ಗದವನ ಮಾನಭಂಗವನ್ನೂ ಅದಕ್ಕಾಗಿ ಅವನು ತೀರಿಸಿಕೊಳ್ಳುವ ಸೇಡನ್ನೂ ಕಥಾವಸ್ತುವಾಗಿ ಮಾಡಿಕೊಂಡ ಚಲನಚಿತ್ರಗಳು ಕನ್ನಡದಲ್ಲಿ ಮತ್ತೆ ಮತ್ತೆ ಬಂದಿವೆ. ಅಂತಹ ಚಿತ್ರಗಳನ್ನು ನೋಡಿ ಕಣ್ಣೀರು ಹಾಕುವುದು ತಪ್ಪಲ್ಲ. ಆದರೆ ಕಣ್ಣೀರಿನ ತೆರೆಯಲ್ಲಿ ಸತ್ಯ ಮಸುಕಾಗದಂತೆ ನೋಡಿಕೊಳ್ಳುವುದು ವಿವೇಕಿಗಳ ಕರ್ತವ್ಯ. 2023ರಲ್ಲಿ ಬಂದ ‘ಸಪ್ತ ಸಾಗರದಾಚೆ ಎಲ್ಲೋ’ ಎಂಬ ಚಿತ್ರದ ವಿಷಯದಲ್ಲಿ ಈ ವಿವೇಕ ವಿಶೇಷವಾಗಿ ಅಗತ್ಯವಾಗಿದೆ.

ಹೇಮಂತ್ ಎಂ. ರಾವ್ ನಿರ್ದೇಶಿಸಿದ ಈ ಚಿತ್ರ ಎರಡು ಭಾಗಗಳಲ್ಲಿದೆ. ‘ಸೈಡ್ ಎ’ ಎಂಬ ಮೊದಲ ಭಾಗ 2023ರ ಸೆಪ್ಟೆಂಬರ್ 1ರಂದು, ‘ಸೈಡ್ ಬಿ’ ಎಂಬ ಎರಡನೆಯ ಭಾಗ ಅದೇ ವರ್ಷದ ನವೆಂಬರ್ 17ರಂದು ತೆರೆಕಂಡವು. ಶೀರ್ಷಿಕೆಯು ಗೋಪಾಲಕೃಷ್ಣ ಅಡಿಗರ ಕವಿತೆಯಿಂದ ಪಡೆದುದು. ಕಥೆ 2010ರಲ್ಲಿ ಆರಂಭವಾಗುತ್ತದೆ. ರಕ್ಷಿತ್ ಶೆಟ್ಟಿ ಅಭಿನಯಿಸಿರುವ ಮನು, ಶಂಕರಗೌಡನೆಂಬ ಉದ್ಯಮಿಯ ಕಾರು ಚಾಲಕ. ರುಕ್ಮಿಣಿ ವಸಂತ್ ಅಭಿನಯಿಸಿರುವ ಪ್ರಿಯಾ, ಹಾಡುಗಾರಿಕೆಯಲ್ಲಿ ಆಸೆಯಿಟ್ಟ ಹೆಣ್ಣುಮಗಳು. ಮದುವೆಯಾಗಿ ತಮ್ಮದೇ ಆದ ಮನೆಯೊಂದರಲ್ಲಿ ಬಾಳಬೇಕೆಂಬುದು ಇಬ್ಬರ ಕನಸು. ಹೀಗಿರುವಾಗ ಒಡೆಯನ ಮಗ ಓಡಿಸಿದ ಕಾರಿಗೆ ಸಿಕ್ಕಿ ಒಂದು ಜೀವ ಹೋಗುತ್ತದೆ. ಆ ಅಪರಾಧವನ್ನು ತನ್ನ ಮೇಲೆ ಹೊತ್ತುಕೊಂಡರೆ ಹಣ ದೊರೆಯುವುದು, ಬೇಗನೆ ಬಿಡುಗಡೆಯೂ ಆಗುವುದು ಎಂಬ ಮಾತಿಗೆ ಮನು ಒಪ್ಪುತ್ತಾನೆ. ಅವನು ಸೆರೆಮನೆ ಸೇರಿದ ಮೇಲೆ ಶಂಕರಗೌಡ ಸಾಯುತ್ತಾನೆ. ಕೊಟ್ಟ ಮಾತೂ ಅವನೊಡನೆ ಮಣ್ಣಾಗುತ್ತದೆ. ನಡುವೆ ನಿಂತು ವ್ಯವಹಾರ ಕುದುರಿಸಿದ ಪ್ರಭು ಎಂಬುವನು ಕೈಬಿಡುತ್ತಾನೆ. ಕಾಲ ಸರಿದು ಪ್ರಿಯಾ ಬೇರೊಬ್ಬನ ಮಡದಿಯಾಗುತ್ತಾಳೆ. 2021ರಲ್ಲಿ ನಡೆಯುವ ಎರಡನೆಯ ಭಾಗದಲ್ಲಿ, ಸೆರೆಯಿಂದ ಹೊರಬಂದ ಮನು ಒಂದು ಕಡೆ ಮರೆಯಲ್ಲಿ ನಿಂತು ಪ್ರಿಯಾಳ ಸಂಸಾರಕ್ಕೆ ನೆರವಾಗಲು ಹೊರಡುತ್ತಾನೆ, ಇನ್ನೊಂದು ಕಡೆ ತನ್ನನ್ನು ವಂಚಿಸಿದವರ ಬೆನ್ನು ಹತ್ತುತ್ತಾನೆ.

ಚಿತ್ರದ ಕಲೆಗಾರಿಕೆಯ ಬಗೆಗೆ ಇಲ್ಲಿ ಆಕ್ಷೇಪವಿಲ್ಲ. ನಟರ ಸಂಯಮ, ಚರಣ್ ರಾಜ್ ಅವರ ಸಂಗೀತ, ಕ್ಯಾಸೆಟ್ಟಿನಲ್ಲಿ ಉಳಿದ ಒಂದು ದನಿಯನ್ನೇ ಜೀವವಾಗಿ ಹಿಡಿದುಕೊಳ್ಳುವ ಕೈದಿಯ ಏಕಾಂತ, ಇವೆಲ್ಲವೂ ಮನಸ್ಸನ್ನು ಕಲಕುತ್ತವೆ. ಆಕ್ಷೇಪವಿರುವುದು ಚಿತ್ರವನ್ನು ಕುರಿತು ಆಡಲಾಗುವ ಒಂದು ಮಾತಿಗೆ. ‘ಇದು ಮಧ್ಯಮ ವರ್ಗದ ಮಾನದ ಕಥೆ. ಬಡವನ ಮಾನವನ್ನು ಸಿರಿವಂತರು ಕಸಿದರು. ಅವನು ಸೇಡು ತೀರಿಸಿಕೊಂಡು ಅದನ್ನು ಮರಳಿ ಪಡೆದನು’ ಎಂದು ಹೇಳುವವರುಂಟು. ಈ ಮಾತು ಕಥೆಯ ಮೊದಲ ಹೆಜ್ಜೆಯನ್ನೇ ಮರೆತಿದೆ. ಮನುವಿನ ಮಾನವನ್ನು ಯಾರೂ ಕಸಿಯಲಿಲ್ಲ. ಅವನು ಅದನ್ನು ಬೆಲೆಗೆ ಕೊಟ್ಟನು. ಕೊಂಡವನು ಬೆಲೆ ತೆರದೆ ಹೋದನು. ಆ ಮೇಲೆ ಅವನು ಪಟ್ಟ ನೋವು ನಿಜವಾದುದು, ಅವನಿಗೆ ಆದ ವಂಚನೆಯೂ ನಿಜವಾದುದು. ಆದರೆ ವಂಚನೆಯಾದುದು ಕ್ರಯದಲ್ಲಿ. ಮಾನ ಹೋದುದು ಅದಕ್ಕೂ ಮೊದಲು, ಆ ಕ್ರಯಕ್ಕೆ ಒಪ್ಪಿದ ಗಳಿಗೆಯಲ್ಲಿ.

ಕಾರು ಓಡಿಸುವುದು ಕಾಯಕ. ತಾನು ಓಡಿಸದ ಕಾರಿನ ಕೊಲೆಯನ್ನು ಹೊರುವುದು ಕಾಯಕವಲ್ಲ. ಮೊದಲನೆಯದಕ್ಕೆ ದೊರೆಯುವ ಸಂಬಳ ಅಲ್ಪವಾದರೂ ಅದು ಬೆವರಿನ ಫಲ, ಎರಡನೆಯದಕ್ಕೆ ದೊರೆಯುವುದು ಎಷ್ಟೇ ಹೆಚ್ಚಾದರೂ ಸುಳ್ಳಿನ ಕೂಲಿ. ಈ ಭೇದವನ್ನು ಲೌಕಿಕ ಕಾನೂನು ಸಹ ಒಪ್ಪಿದೆ. ಕಥೆ ನಡೆಯುವ ಕಾಲದಲ್ಲಿ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 213ನೆಯ ಕಲಮಿನ ಪ್ರಕಾರ ಪ್ರತಿಫಲ ಪಡೆದು ಅಪರಾಧಿಯನ್ನು ಶಿಕ್ಷೆಯಿಂದ ಮರೆಮಾಡುವುದು ಅಪರಾಧವಾಗಿತ್ತು. 214ನೆಯ ಕಲಮಿನ ಪ್ರಕಾರ ಹಾಗೆ ಪ್ರತಿಫಲ ಕೊಡುವುದೂ ಅಪರಾಧವಾಗಿತ್ತು. ಕೊಟ್ಟವನನ್ನೂ ಕೊಂಡವನನ್ನೂ ಕಾನೂನು ಅಕ್ಕಪಕ್ಕದಲ್ಲಿ ನಿಲ್ಲಿಸಿತ್ತು. ಒಬ್ಬನನ್ನು ಮಾತ್ರ ಖಳನಾಯಕನೆಂದು ಕರೆದು ಇನ್ನೊಬ್ಬನನ್ನು ಹುತಾತ್ಮನನ್ನಾಗಿ ಮಾಡುವುದು ಯಾವ ನ್ಯಾಯ?

ಇಲ್ಲಿ ಇನ್ನೂ ಗಂಭೀರವಾದ ಪ್ರಶ್ನೆಯೊಂದಿದೆ. ದಾರಿಯಲ್ಲಿ ಸತ್ತ ಆ ಜೀವ ಯಾರದು? ಅದಕ್ಕೂ ಒಂದು ಮನೆ ಇದ್ದಿರಬೇಕಲ್ಲವೇ? ಸಂಜೆ ದೀಪ ಹಚ್ಚಿ ಬಾಗಿಲಲ್ಲಿ ಕಾದು ಕುಳಿತವರು ಇದ್ದಿರಬೇಕಲ್ಲವೇ? ಮನು ಮತ್ತು ಪ್ರಿಯಾ ಅವರ ಅಗಲಿಕೆಗೆ ಮರುಗುವವರು ಆ ಮನೆಯ ಕಡೆಗೆ ಒಮ್ಮೆಯಾದರೂ ತಿರುಗಿ ನೋಡಿದರೇ? ಸುಳ್ಳು ತಪ್ಪೊಪ್ಪಿಗೆಯಿಂದ ಮೊದಲು ಮೋಸ ಹೋದವರು ಅವರು. ಅವರಿಗೆ ಸಲ್ಲಬೇಕಾದ ಸತ್ಯವನ್ನು ಒಡೆಯನೂ ಚಾಲಕನೂ ಸೇರಿ ಮುಚ್ಚಿಟ್ಟರು. 1985ರಲ್ಲಿ ಶಂಕರ್ ನಾಗ್ ನಿರ್ದೇಶಿಸಿದ ‘ಆಕ್ಸಿಡೆಂಟ್’ ಎಂಬ ಚಿತ್ರವನ್ನು ಇಲ್ಲಿ ನೆನೆಯಬಹುದು. ಅಲ್ಲಿಯೂ ಪ್ರಬಲನೊಬ್ಬನ ಮಗನ ಕಾರು ಬೀದಿಯ ಬದಿಯಲ್ಲಿ ಮಲಗಿದ್ದ ಬಡವರ ಮೇಲೆ ಹರಿಯುತ್ತದೆ. ಆದರೆ ಆ ಚಿತ್ರ ಸತ್ತವರನ್ನು ಮರೆಯುವುದಿಲ್ಲ. ಪತ್ರಕರ್ತನೊಬ್ಬ ಸತ್ಯವನ್ನು ಹುಡುಕುತ್ತಾ ಹೋಗುವುದೇ ಅದರ ಕಥೆ. ಬಡವನ ಮಾನವನ್ನು ಎತ್ತಿ ಹಿಡಿಯುವ ದಾರಿ ಅದು. ಸತ್ತ ಬಡವನನ್ನು ಮರೆತು ಬದುಕಿರುವ ಬಡವನ ಪರ ವಾದಿಸುವುದು ಅರ್ಧ ನ್ಯಾಯವೂ ಅಲ್ಲ.

ಇದಕ್ಕೆ ಎದುರುವಾದಿಗಳು ಕೊಡುವ ಉತ್ತರವನ್ನು ಹಗುರವಾಗಿ ತಳ್ಳಿಹಾಕಲಾಗದು. ‘ಬೆಂಗಳೂರಿನಂತಹ ನಗರದಲ್ಲಿ ಚಾಲಕನ ಸಂಬಳದಿಂದ ಒಂದು ಸೂರು ಕಟ್ಟಿಕೊಳ್ಳುವುದು ಸಾಧ್ಯವೇ? ಮನೆ ಬೇಕೆನ್ನುವುದು ದುರಾಸೆಯೇ? ಅನ್ನ ಕೊಡುವ ಒಡೆಯನೇ ಎದುರು ಕುಳಿತು ಕೇಳಿದರೆ ಆಳಾದವನು ಇಲ್ಲವೆನ್ನುವುದು ಹೇಗೆ?’ ಎಂದು ಅವರು ಕೇಳುತ್ತಾರೆ. ಮನೆಯ ಆಸೆ ದುರಾಸೆಯಲ್ಲ ಎಂಬುದು ನಿಜ. ಒಡೆಯನ ಬೇಡಿಕೆಯಲ್ಲಿ ಬಲವಂತವಿದೆ ಎಂಬುದೂ ನಿಜ. ಬಡವನ ಬಡತನವನ್ನು ಕಂಡು ಅದರ ಮೇಲೆಯೇ ಬೆಲೆ ಕಟ್ಟಿದವನ ಪಾಪ ಹೆಚ್ಚಿನದು, ಇದರಲ್ಲಿ ಎರಡು ಮಾತಿಲ್ಲ. ಆದರೆ ಒಡೆಯನ ಪಾಪ ದೊಡ್ಡದಾದ ಮಾತ್ರಕ್ಕೆ ಆಳಿನ ಒಪ್ಪಿಗೆ ಪುಣ್ಯವಾಗುವುದಿಲ್ಲ. ಬಡವನಿಗೆ ಬೇಡವೆನ್ನುವ ಶಕ್ತಿಯೇ ಇಲ್ಲವೆಂದು ವಾದಿಸುವವರು ಅವನ ಮಾನವನ್ನು ಕಾಯುವವರಲ್ಲ. ಅವನಿಗೆ ಮಾನವೇ ಇಲ್ಲವೆಂದು ಅವರು ತಮಗರಿವಿಲ್ಲದೆ ಒಪ್ಪಿಕೊಂಡಂತಾಯಿತು.

ಬಡವರು ಬೇಡವೆನ್ನಬಲ್ಲರು ಎಂಬುದಕ್ಕೆ ಕಲ್ಯಾಣದ ಚರಿತ್ರೆಯಲ್ಲಿಯೇ ಸಾಕ್ಷಿಯಿದೆ. ಆಯ್ದಕ್ಕಿ ಮಾರಯ್ಯನವರು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಶರಣರು. ಅವರಿಗಿಂತ ಬಡವರನ್ನು ಹುಡುಕುವುದು ಕಷ್ಟ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದರು. ಮಡದಿ ಲಕ್ಕಮ್ಮನವರು ಅದನ್ನು ಕಂಡು ಹಿಗ್ಗಲಿಲ್ಲ. ಇಷ್ಟೊಂದು ಆಸೆ ನಮಗೇಕೆ ಎಂದು ಪ್ರಶ್ನಿಸಿ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಆ ಅಕ್ಕಿ ಕದ್ದುದಲ್ಲ, ಸುಳ್ಳು ಹೇಳಿ ಗಳಿಸಿದ್ದೂ ಅಲ್ಲ. ಆದರೂ ತಮ್ಮ ಅಗತ್ಯವನ್ನು ಮೀರಿದ್ದು ತಮ್ಮದಲ್ಲವೆಂದು ಆ ತಾಯಿ ತಿಳಿದಿದ್ದರು. ಮಧ್ಯಮ ವರ್ಗದ ಮಾನಕ್ಕೆ ಇದಕ್ಕಿಂತ ಮಿಗಿಲಾದ ಮಾದರಿ ಯಾವುದಿದೆ?

ಈ ಪ್ರಸಂಗವನ್ನು ಚಿತ್ರದ ಪಕ್ಕದಲ್ಲಿಟ್ಟು ನೋಡಿದರೆ ಮನುವಿನ ನಿಜವಾದ ತಪ್ಪು ಎಲ್ಲಿದೆಯೆಂಬುದು ತಿಳಿಯುತ್ತದೆ. ಮಾರಯ್ಯನವರು ತಂದುದನ್ನು ಮಡದಿಯ ಮುಂದೆ ಸುರಿದರು, ಅವಳ ಮಾತಿಗೆ ತಲೆಬಾಗಿದರು. ಮನು ತನ್ನ ಬದುಕನ್ನೇ ಪಣಕ್ಕಿಡುವಾಗ ನಿರ್ಧಾರ ಮಾಡಿದವನು ಅವನೊಬ್ಬನೇ. ಇಬ್ಬರೂ ಬಾಳಬೇಕಾದ ಮನೆಗೆ ಒಬ್ಬನೇ ಬೆಲೆ ಕಟ್ಟಿದನು. ಪ್ರಿಯಾ ಆ ಮನೆಯನ್ನು ಬಯಸಿದ್ದು ಅವನೊಡನೆ ಬಾಳಲು. ಅವನನ್ನು ಕಳೆದುಕೊಂಡು ಪಡೆಯುವ ಮನೆ ಅವಳಿಗೆ ಬೇಕಾಗಿರಲಿಲ್ಲ. ಮಡದಿ ಮಕ್ಕಳಿಗಾಗಿಯೇ ಮಾಡಿದೆನೆಂದು ಹೇಳುತ್ತಾ, ಅವರನ್ನು ಒಂದು ಮಾತೂ ಕೇಳದೆ ಅಡ್ಡದಾರಿ ತುಳಿಯುವ ಗೃಹಸ್ಥರು ಇಂದು ಎಷ್ಟು ಮಂದಿಯಿಲ್ಲ? ಮೇಲಿನವರು ಹೇಳಿದರೆಂದು ಸುಳ್ಳು ಲೆಕ್ಕಕ್ಕೆ ರುಜು ಹಾಕುವ ಗುಮಾಸ್ತನೂ, ಮಗಳ ಮದುವೆಯ ಖರ್ಚಿಗೆಂದು ಮೇಜಿನ ಕೆಳಗೆ ಕೈ ಚಾಚುವ ನೌಕರನೂ ಈ ಸಾಲಿನವರೇ. ಸಿಕ್ಕಿಬಿದ್ದ ದಿನ ಅವರೂ ವಿಧಿಯನ್ನು ಹಳಿಯುತ್ತಾರೆ. ರುಜು ಹಾಕಿದ ದಿನ ಮನೆಯಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿದ್ದರೆ, ಲಕ್ಕಮ್ಮನಂತಹ ಒಂದು ದನಿ ಅವರನ್ನು ತಡೆಯುತ್ತಿತ್ತೇನೋ.

ಇನ್ನು ಸೇಡಿನ ಮಾತು. ಕೋಪವು ಮನೆಯಲ್ಲಿ ಹುಟ್ಟಿದ ಬೆಂಕಿಯಂತೆ, ಎದುರಿನವನನ್ನು ಮುಟ್ಟುವ ಮೊದಲೇ ಹೊತ್ತವನನ್ನು ಸುಡುತ್ತದೆ ಎಂಬ ಅರ್ಥದ ಬಸವಣ್ಣನವರ ವಚನ ಭಕ್ತರಿಗೆಲ್ಲ ಪರಿಚಿತವಾದುದು. ಚಿತ್ರದ ಎರಡನೆಯ ಭಾಗ ತನಗರಿವಿಲ್ಲದೆ ಈ ಮಾತಿಗೇ ಸಾಕ್ಷಿ ನುಡಿಯುತ್ತದೆ. ವಂಚಿಸಿದವರನ್ನು ಬೆನ್ನಟ್ಟಿದ ಮನುವಿಗೆ ಕಳೆದ ವರ್ಷಗಳು ದೊರೆಯಲಿಲ್ಲ, ಪ್ರಿಯಾ ದೊರೆಯಲಿಲ್ಲ, ಮನೆಯೂ ದೊರೆಯಲಿಲ್ಲ. ಸೇಡಿನ ಹಾದಿಯಲ್ಲಿ ಅವನು ಮೊದಲಿಗಿಂತ ಹೆಚ್ಚು ಬರಿದಾದನು. ಅದನ್ನು ಗೆಲುವೆಂದು ಚಪ್ಪಾಳೆ ತಟ್ಟುವುದು ಉರಿಯುವ ಮನೆಯನ್ನು ಕಂಡು ದೀಪಾವಳಿಯೆಂದು ಸಂಭ್ರಮಿಸಿದಂತೆ.

ಅಷ್ಟೇ ಅಲ್ಲ. ಇದೇ ಭಾಗದಲ್ಲಿ ಚೈತ್ರಾ ಆಚಾರ್ ಅಭಿನಯಿಸಿರುವ ಸುರಭಿ ಎಂಬ ಪಾತ್ರವಿದೆ. ಮೈ ಮಾರಿ ಬದುಕುವ ಹೆಣ್ಣು ಅವಳು. ಮನುವನ್ನು ಅವಳು ಮನಸಾರೆ ಪ್ರೀತಿಸುತ್ತಾಳೆ. ಅವನಾದರೋ ಕಳೆದುಹೋದ ಇನ್ನೊಬ್ಬಳ ನೆನಪಿನಲ್ಲಿಯೇ ಮುಳುಗಿದವನು. ಮಾನವನ್ನು ಕುರಿತು ಗಂಟೆಗಟ್ಟಲೆ ಚರ್ಚಿಸುವವರು ಸುರಭಿಯ ಮಾನವನ್ನು ಎಣಿಕೆಗೆ ತೆಗೆದುಕೊಂಡರೇ? ಸಂಕವ್ವೆಯಂತಹ ಸೂಳೆಯನ್ನೂ ಶರಣೆಯೆಂದು ಕರೆದು, ಅವಳ ವಚನವನ್ನು ಕಾಪಾಡಿಕೊಂಡು ಬಂದ ನಾಡಿದು. ಇಲ್ಲಿ ಮಾನವು ಮಧ್ಯಮ ವರ್ಗದವರ ಮನೆಯ ಹೊಸ್ತಿಲಲ್ಲಿಯೇ ನಿಲ್ಲಬಾರದು. ತನ್ನ ಮಾನಕ್ಕಾಗಿ ಹೋರಾಡುವವನು ಪಕ್ಕದಲ್ಲಿ ಕುಳಿತವಳ ಮಾನವನ್ನು ಕಾಣದೆ ಹೋದರೆ ಅವನ ಹೋರಾಟವು ಅಹಂಕಾರವಾಗುತ್ತದೆ.

ಹಾಗಾದರೆ ಅವಮಾನಕ್ಕೆ ಉತ್ತರವೇ ಇಲ್ಲವೇ? ಸಹಿಸಿಕೊಂಡು ಸುಮ್ಮನಿರಬೇಕೇ? ಹಾಗೆಂದು ಯಾರೂ ಹೇಳುವುದಿಲ್ಲ. ಟಿ. ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ, 1972ರಲ್ಲಿ ಬಂದ ‘ಬಂಗಾರದ ಮನುಷ್ಯ’ವನ್ನು ಕನ್ನಡಿಗರು ಇಂದಿಗೂ ಮರೆತಿಲ್ಲ. ಡಾ. ರಾಜ್‌ಕುಮಾರ್ ಅಭಿನಯಿಸಿದ ರಾಜೀವ, ವಿಧವೆಯಾದ ಅಕ್ಕನ ಸಂಸಾರಕ್ಕಾಗಿ ಬಂಜರು ನೆಲವನ್ನು ಹೊನ್ನಾಗಿಸಿದವನು. ಕೊನೆಗೆ ತಾನು ಬೆಳೆಸಿದ ಅಕ್ಕನ ಮಗನೇ ಊಟದ ಎಲೆಯ ಮುಂದೆ ಅವನನ್ನು ಅವಮಾನಿಸುತ್ತಾನೆ. ರಾಜೀವ ಕೈ ಎತ್ತುವುದಿಲ್ಲ, ಲೆಕ್ಕ ಕೇಳುವುದಿಲ್ಲ, ಎಲ್ಲವನ್ನೂ ಬಿಟ್ಟು ನಡೆದುಬಿಡುತ್ತಾನೆ. ಅವನು ಏನನ್ನೂ ಮಾರಿಕೊಂಡಿರಲಿಲ್ಲ, ಆದುದರಿಂದ ಏನನ್ನೂ ಮರಳಿ ಪಡೆಯಬೇಕಾಗಿರಲಿಲ್ಲ. ಅವನ ಮಾನ ಅವನ ಬೆನ್ನ ಹಿಂದೆಯೇ ನಡೆದು ಹೋಯಿತು. ಎಲ್ಲರೂ ಹಾಗೆ ಎದ್ದು ನಡೆಯಲಾರರು, ಅನ್ಯಾಯವಾದಾಗ ನ್ಯಾಯಾಲಯದ ಮೆಟ್ಟಿಲು ಹತ್ತುವುದೂ ಧರ್ಮವೇ. ಮನುವಿನ ಮುಂದೆಯೂ ಆ ದಾರಿಯಿತ್ತು. ನಡೆದ ಸತ್ಯವನ್ನು ನಡೆದಂತೆ ಹೇಳುವುದೇ ಆ ದಾರಿಯ ಮೊದಲ ಮೆಟ್ಟಿಲು. ಅದನ್ನು ಹತ್ತಿದ್ದರೆ ಸತ್ತವರ ಮನೆಗೂ ನ್ಯಾಯ ಸಲ್ಲುತ್ತಿತ್ತು.

ಈ ಚಿತ್ರವನ್ನು ನೋಡಬಾರದೆಂದು ಹೇಳುವುದು ಇಲ್ಲಿಯ ಉದ್ದೇಶವಲ್ಲ. ನೋಡುವವರು ನೋಡಲಿ. ಆದರೆ ನೋಡಿ ಬಂದ ರಾತ್ರಿ ಮನೆಯವರೆಲ್ಲ ಕುಳಿತು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲಿ. ಈ ಮನೆಗೆ ಬರುವ ದುಡ್ಡಿನಲ್ಲಿ ಯಾರಿಗೂ ಹೇಳಲಾಗದ ದುಡ್ಡು ಎಷ್ಟಿದೆ? ಕಾರು, ಚಾಲಕ, ಆಳುಕಾಳುಗಳನ್ನು ಇಟ್ಟುಕೊಂಡ ಸದ್ಭಕ್ತರು ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಲಿ. ತಮ್ಮ ಮಗನ ತಪ್ಪನ್ನು ಹೊರಲು ಬಡವನ ಹೆಗಲನ್ನು ಹುಡುಕುವ ದಿನ ಬಂದರೆ ತಾವು ಏನು ಮಾಡುವರು? ಚಿತ್ರ ಮುಗಿದ ಮೇಲೆ ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಂಡವರಿಗೆ ಅದು ಸಾರ್ಥಕವಾದಂತೆ. ಸೇಡಿಗೆ ಚಪ್ಪಾಳೆ ತಟ್ಟಿ ಎದ್ದು ಬಂದವರಿಗೆ ಟಿಕೇಟಿನ ದುಡ್ಡು ಮಾತ್ರ ಖರ್ಚಾದಂತೆ.

ಬೆವರಿನಿಂದ ಕಟ್ಟಿದ ಗುಡಿಸಲಿನಲ್ಲಿ ಮಾನ ನೆಮ್ಮದಿಯಾಗಿ ಮಲಗುತ್ತದೆ. ಸುಳ್ಳಿನ ಬೆಲೆಗೆ ಕೊಂಡ ಮಹಡಿಯಲ್ಲಿ ಅದಕ್ಕೆ ನಿದ್ದೆ ಹತ್ತದು.