ಅಗುಳಿಯ ಆಟ

ಕಾಲ್ಚೆಂಡಾಟದಲ್ಲಿ ಮುನ್ನುಗ್ಗಿ ಗೋಲು ಹೊಡೆಯುವವನಿಗೆ ದೊರೆಯುವ ಜಯಘೋಷವು ಹಿಂದೆ ನಿಂತು ಗೋಲನ್ನು ತಡೆಯುವವನಿಗೆ ದೊರೆಯುವುದಿಲ್ಲ. ದಾಳಿಯೇ ಶೌರ್ಯ, ರಕ್ಷಣೆಯೆಂದರೆ ಹೇಡಿತನ ಎಂಬ ಭಾವನೆ ಪ್ರೇಕ್ಷಕರಲ್ಲಿ ಬೇರೂರಿದೆ. ಇದು ಎಷ್ಟರಮಟ್ಟಿಗೆ ಸರಿ? ಇಟಲಿಯಲ್ಲಿ ಪ್ರಸಿದ್ಧಿಗೆ ಬಂದ ‘ಕತೆನಾಚ್ಚೊ’ ಎಂಬ ವ್ಯೂಹದ ಇತಿಹಾಸವು ಈ ಪ್ರಶ್ನೆಗೆ ಉತ್ತರ ನೀಡಬಲ್ಲದು. ಇಟಲಿಯ ಭಾಷೆಯಲ್ಲಿ ಆ ಪದಕ್ಕೆ ಬಾಗಿಲ ಅಗುಳಿ ಎಂದರ್ಥ.

ಈ ಅಗುಳಿಯನ್ನು ಮೊದಲು ಹೂಡಿದವರು ಬಲಾಢ್ಯರಲ್ಲ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ತರಬೇತುದಾರರಾಗಿದ್ದ ಕಾರ್ಲ್ ರಾಪ್ಪಾನ್ ಅವರು, ತಮ್ಮ ಆಟಗಾರರು ದೊಡ್ಡ ರಾಷ್ಟ್ರಗಳ ಆಟಗಾರರಿಗೆ ಸರಿಸಾಟಿಯಲ್ಲವೆಂಬುದನ್ನು ಅರಿತಿದ್ದರು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಮಾತು ಆಟದ ಮೈದಾನಕ್ಕೂ ಅನ್ವಯಿಸುತ್ತದೆ. ಅವರು ರಕ್ಷಕರ ಸಾಲಿನ ಹಿಂದೆ ಮತ್ತೊಬ್ಬ ರಕ್ಷಕನನ್ನು ನಿಲ್ಲಿಸಿ ಕೋಟೆಯನ್ನು ಬಲಪಡಿಸಿದರು. 1938ರ ವಿಶ್ವಕಪ್ ಪಂದ್ಯಾವಳಿಯಲ್ಲಿ ಅವರ ತಂಡವು ಜರ್ಮನಿಯೊಡನೆ 1-1ರಲ್ಲಿ ಸಮಮಾಡಿಕೊಂಡು, ಮರುಪಂದ್ಯದಲ್ಲಿ 4-2 ಗೋಲುಗಳಿಂದ ಜಯಗಳಿಸಿತು.

ಈ ವ್ಯೂಹಕ್ಕೆ ಪೂರ್ಣರೂಪ ದೊರೆತುದು 1960ರ ದಶಕದಲ್ಲಿ, ಮಿಲಾನ್ ನಗರದ ಇಂಟರ್ ತಂಡದಲ್ಲಿ. ಅದರ ತರಬೇತುದಾರರು ಹೆಲೆನಿಯೊ ಹೆರೆರಾ. ಮುಂದಿನ ರಕ್ಷಕರು ಎದುರಾಳಿಗಳನ್ನು ಒಬ್ಬೊಬ್ಬರಾಗಿ ನೆರಳಿನಂತೆ ಹಿಂಬಾಲಿಸುವರು. ಅವರನ್ನು ದಾಟಿಬಂದ ಚೆಂಡನ್ನು ಹಿಂದೆ ಕಾದುನಿಂತ ಅರ್ಮಾಂಡೊ ಪಿಕ್ಕಿ ತಡೆಯುವರು. ಎದುರಾಳಿಗಳು ಗೋಲಿನ ಆಸೆಯಿಂದ ಮುಂದೆ ಬಂದಷ್ಟೂ ಅವರ ಬೆನ್ನ ಹಿಂದಿನ ಬಯಲು ಬರಿದಾಗುವುದು. ಚೆಂಡು ಕೈವಶವಾದೊಡನೆ ಲೂಯಿಸ್ ಸುವಾರೆಸ್ ಅದನ್ನು ಒಂದೇ ನೀಳ ಹೊಡೆತದಿಂದ ಆ ಬಯಲಿಗೆ ಕಳುಹಿಸುವರು. ರಕ್ಷಕರಾದ ಜಿಯಾಚಿಂಟೊ ಫಾಕೆಟ್ಟಿ ಎಡಬದಿಯಿಂದ ಮಿಂಚಿನಂತೆ ಧಾವಿಸುವರು; 1965-66ರ ಇಟಲಿಯ ಲೀಗ್ ಪಂದ್ಯಗಳಲ್ಲಿ ಅವರು 10 ಗೋಲುಗಳನ್ನು ಹೊಡೆದರು. ಹಾಕಿದ ಅಗುಳಿಯನ್ನು ತೆಗೆಯುವ ಸಮಯಜ್ಞಾನವೂ ಈ ವ್ಯೂಹಕ್ಕೆ ಬೇಕಿತ್ತು. ಇಂಟರ್ ತಂಡವು ಯೂರೋಪಿಯನ್ ಕಪ್ಪನ್ನು 1964ರಲ್ಲಿ ರಿಯಲ್ ಮ್ಯಾಡ್ರಿಡ್ ತಂಡದ ಮೇಲೂ 1965ರಲ್ಲಿ ಬೆನ್ಫಿಕಾ ತಂಡದ ಮೇಲೂ ಗೆದ್ದುಕೊಂಡಿತು.

ಆದರೆ ಕೋಟೆ ಕಟ್ಟಿದವನು ಹೊರಗೆ ಬರುವುದನ್ನು ಮರೆತರೆ ಆ ಕೋಟೆಯೇ ಸೆರೆಮನೆಯಾಗುತ್ತದೆ. 1967ರ ಅಂತಿಮ ಪಂದ್ಯ ಲಿಸ್ಬನ್ ನಗರದಲ್ಲಿ ನಡೆಯಿತು. ಎದುರಾಳಿ ಸ್ಕಾಟ್ಲೆಂಡಿನ ಸೆಲ್ಟಿಕ್ ತಂಡ. 7ನೆಯ ನಿಮಿಷದಲ್ಲಿಯೇ ಪೆನಾಲ್ಟಿಯಿಂದ ಗೋಲು ಗಳಿಸಿದ ಇಂಟರ್, ಅಷ್ಟನ್ನೇ ಕಾಪಾಡಿಕೊಳ್ಳಲು ಹಿಂದೆ ಸರಿಯಿತು. ಸೆಲ್ಟಿಕ್ ತಂಡದವರು ಅಲೆಯಲೆಯಾಗಿ ನುಗ್ಗಿ, 63 ಮತ್ತು 84ನೆಯ ನಿಮಿಷಗಳಲ್ಲಿ ಗೋಲು ಹೊಡೆದು 2-1ರಿಂದ ಗೆದ್ದರು. ಗಾಯಗೊಂಡಿದ್ದ ಸುವಾರೆಸ್ ಅಂದು ಆಡಲಿಲ್ಲವೆಂಬುದು ನಿಜ. ಆದರೂ ಆ ಸೋಲಿಗೆ ಒಬ್ಬರ ಗೈರುಹಾಜರಿಗಿಂತ ಇಡೀ ತಂಡವನ್ನು ಆವರಿಸಿದ ಅಂಜಿಕೆಯೇ ಹೆಚ್ಚಿನ ಕಾರಣವೆನ್ನಬೇಕು. ಬಲಹೀನರಿಗೆ ಆಸರೆಯಾಗಿದ್ದ ಉಪಾಯವು ಬಲಶಾಲಿಗಳ ಕೈಯಲ್ಲಿ ಗಳಿಸಿದ್ದನ್ನು ಕಳೆದುಕೊಳ್ಳುವ ಭಯವಾಗಿ ಮಾರ್ಪಟ್ಟಿತ್ತು.

ಹಾಗೆಂದು ರಕ್ಷಣೆಯ ಆಟವನ್ನೇ ಹಳಿಯುವುದು ನ್ಯಾಯವಲ್ಲ. 2004ರ ಯೂರೋಪಿಯನ್ ಪಂದ್ಯಾವಳಿಗೆ ಬಂದ ಗ್ರೀಸ್ ತಂಡವು ಅದಕ್ಕೆ ಮುನ್ನ ಇಂತಹ ಯಾವ ದೊಡ್ಡ ಪಂದ್ಯಾವಳಿಯಲ್ಲಿಯೂ ಒಂದು ಪಂದ್ಯವನ್ನಾದರೂ ಗೆದ್ದಿರಲಿಲ್ಲ. ಅದು ಫ್ರಾನ್ಸ್, ಚೆಕ್ ಗಣರಾಜ್ಯ, ಪೋರ್ಚುಗಲ್ ತಂಡಗಳನ್ನು ತಲಾ 1-0ರಿಂದ ಸೋಲಿಸಿ ಪ್ರಶಸ್ತಿಯನ್ನು ಪಡೆಯಿತು. ಈ ಆಟ ನೋಡಲು ಬೇಸರ ತರಿಸುತ್ತದೆಂದು ಆಕ್ಷೇಪಿಸಿದವರುಂಟು. ಆದರೆ ಪ್ರೇಕ್ಷಕರ ರಂಜನೆಗಾಗಿ ಸೋಲಬೇಕೆಂದು ಬಡ ತಂಡವನ್ನು ಕೇಳುವ ಅಧಿಕಾರ ಯಾರಿಗಿದೆ?

ತಾಳ್ಮೆ, ಶಿಸ್ತು, ಪರಸ್ಪರ ನಂಬಿಕೆ ಇವಿಲ್ಲದೆ ರಕ್ಷಣೆಯಿಲ್ಲ. ಸಮಯ ಬಂದಾಗ ಮುನ್ನುಗ್ಗುವ ಧೈರ್ಯವಿಲ್ಲದೆ ಆ ರಕ್ಷಣೆಗೆ ಅರ್ಥವಿಲ್ಲ. ಹಿಂದೆ ಸರಿಯುವುದು ಹೇಡಿತನವಲ್ಲ. ಹಿಂದೆಯೇ ಉಳಿಯುವುದು ಹೇಡಿತನ.