ಲಾಭದ ಎಲ್ಲೆ

ಕಾರ್ಖಾನೆಯ ಹೊಗೆಕೊಳವೆಯಲ್ಲಿ ಹಣ ಹಾರಿಹೋಗುತ್ತಿದೆಯೆಂದು ಉದ್ಯಮಪತಿಗೆ ಲೆಕ್ಕ ಹಾಕಿ ತೋರಿಸಿದರೆ ಸಾಕು, ಅವನೇ ಅದನ್ನು ಹಿಡಿದುಕೊಳ್ಳುವನು, ನಡುವೆ ಶಾಸನದ ಹಂಗೇಕೆ ಎಂದು ಕೇಳುವುದು ಈಗ ಬುದ್ಧಿವಂತಿಕೆಯ ಲಕ್ಷಣವೆನಿಸಿದೆ. ಮಾತು ಸುಳ್ಳಲ್ಲ; ಎಲ್ಲಿಯವರೆಗೆ ನಿಜವೆಂಬುದನ್ನು ಮಾತ್ರ ಹೇಳುವವರು ವಿಚಾರಿಸಿದಂತಿಲ್ಲ.

ಪಿ.ವಿ.ಸಿ.ಯ ನಿದರ್ಶನವನ್ನೇ ನೋಡಬಹುದು. ವಿನೈಲ್ ಕ್ಲೋರೈಡೆಂಬ ಅನಿಲವನ್ನು ಒತ್ತಡದಿಂದ ದ್ರವವಾಗಿಸಿ, ನೀರಿನೊಡನೆ ಕದಡಿ ಬಿಸಿಮಾಡಿದಾಗ ಅದರ ಅಣುಗಳು ಸರಪಳಿಗಟ್ಟಿ ಪ್ಲಾಸ್ಟಿಕ್ಕಾಗುತ್ತವೆ. ಆದರೆ ಈ ಕ್ರಿಯೆಯನ್ನು ಕಡೆಮುಟ್ಟ ನಡೆಸುವ ವಾಡಿಕೆಯಿಲ್ಲವಾದುದರಿಂದ ನೂರಕ್ಕೆ ಹತ್ತು ಹದಿನೈದು ಪಾಲು ಕಚ್ಚಾವಸ್ತು ಹಾಗೆಯೇ ಉಳಿಯುತ್ತದೆ. ಅದನ್ನು ಹೀರಿ, ಸಂಪೀಡಿಸಿ, ತಣಿಸಿ ಮರಳಿ ಬಳಸುವುದು ದುಸ್ಸಾಧ್ಯವಲ್ಲ. ಬೆಲೆಯುಳ್ಳ ವಸ್ತುವಾದುದರಿಂದ ಅದನ್ನು ಉಳಿಸಿಕೊಳ್ಳುವುದಕ್ಕೆ ಯಾರ ಆಜ್ಞೆಯೂ ಬೇಕಿರಲಿಲ್ಲ. ಪ್ಲಾಸ್ಟಿಕ್ ಕಣಗಳ ಸೂಕ್ಷ್ಮರಂಧ್ರಗಳಲ್ಲಿ ಅಡಗಿದ್ದು, ಒಣಗಿಸುವ ಬಿಸಿಗಾಳಿಯೊಡನೆ ಹೊರಬೀಳುತ್ತಿದ್ದ ಅಲ್ಪಾಂಶಕ್ಕೆ ಮಾತ್ರ ಕೇಳುವವರಿರಲಿಲ್ಲ.

1974ರ ಜನವರಿಯಲ್ಲಿ, ಅಮೆರಿಕದ ಲೂಯಿವಿಲ್‌ನ ತನ್ನ ಕಾರ್ಖಾನೆಯ ಕಾರ್ಮಿಕರು ಯಕೃತ್ತಿನ ಅತಿ ವಿರಳವಾದೊಂದು ಅರ್ಬುದದಿಂದ ಸತ್ತರೆಂದು ಬಿ.ಎಫ್. ಗುಡ್‌ರಿಚ್ ಸಂಸ್ಥೆ ಪ್ರಕಟಿಸಿತು. ಗಟ್ಟಿಗೊಂಡ ಪ್ಲಾಸ್ಟಿಕ್ಕನ್ನು ಕೆರೆಯಲು ಪಾತ್ರೆಯೊಳಗೇ ಮನುಷ್ಯರನ್ನು ಇಳಿಸುತ್ತಿದ್ದ ಕಾಲವದು! ಅಂದು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲದ 500 ಪಾಲು ಸಹ್ಯವೆಂದಿದ್ದ ಮಿತಿ ಅದೇ ವರ್ಷ 1ಕ್ಕಿಳಿಯಿತು. ಅಸಾಧ್ಯ, ಉದ್ಯಮವೇ ಮುಳುಗೀತು ಎಂಬ ಕೂಗೆದ್ದಿತು. ನ್ಯಾಯಾಲಯ 1975ರಲ್ಲಿ ಶಾಸನವನ್ನೇ ಎತ್ತಿಹಿಡಿಯಿತು. ಉದ್ಯಮ ಮುಳುಗಲಿಲ್ಲ. ಕಣಗಳಿಗೆ ಹಬೆಯೂದಿ ಅಡಗಿದ ಅನಿಲವನ್ನು ಹೊರಡಿಸಿ ಮರಳಿ ಪಡೆಯುವ ಗೋಪುರಗಳೆದ್ದವು. ಪಾತ್ರೆಗಳನ್ನು ತೊಳೆಯುವ ಕೆಲಸ ಜಲಧಾರೆಯ ಪಾಲಾಯಿತು.

ಇದಕ್ಕೆದುರಾಗಿ ಅನುಭವಿ ಎಂಜಿನಿಯರರು ಹೇಳುವ ಮಾತನ್ನು ನಾನು ಗೌರವಿಸುತ್ತೇನೆ. ಅನಿಲ ತೆಳುವಾದಷ್ಟೂ ಅದರೊಡನೆ ಬೆರೆತ ಗಾಳಿಯನ್ನೆಲ್ಲ ಸಂಪೀಡಿಸಬೇಕು. ಅದಕ್ಕೆ ತಗಲುವ ವಿದ್ಯುತ್ತಿಗೂ ಎಲ್ಲಿಯೋ ಹೊಗೆಯೇಳುತ್ತದೆ. ಮರಳಿ ಬಂದ ವಸ್ತು ಅಶುದ್ಧವಾಗಿದ್ದರೆ ಮುಂದಿನ ಪಾಕವೇ ಕೆಡುತ್ತದೆ. ಹೀಗೆ ಕೊನೆಯ ಕಿಲೋಗ್ರಾಮು ಹೊಸದಕ್ಕಿಂತ ದುಬಾರಿಯಾಗುತ್ತದೆ. ಎಲ್ಲವೂ ನಿಜ. ಆದರೆ ಇದು ನನ್ನ ವಾದವನ್ನು ಖಂಡಿಸುವುದಿಲ್ಲ, ಸಮರ್ಥಿಸುತ್ತದೆ: ಲಾಭದ ದೃಷ್ಟಿ ಯಾವ ಬಿಂದುವಿನಲ್ಲಿ ನಿಂತುಹೋಗುವುದೋ ಅಲ್ಲಿಂದಾಚೆಗೆ ಉಳಿದ ವಿಷವನ್ನು ಸ್ವಹಿತವೆಂಬುದು ಎಂದಿಗೂ ಹಿಡಿಯದು.

ಆದುದರಿಂದ ಕಾರ್ಖಾನೆಯೊಂದು ತಾನು ಎಷ್ಟು ಕಚ್ಚಾವಸ್ತುವನ್ನು ಉಳಿಸಿದೆನೆಂದು ಹೊಗಳಿಕೊಂಡಾಗ, ಹೊರಬಿಟ್ಟದ್ದೆಷ್ಟೆಂದು ಓದುಗರು ಕೇಳಬೇಕು. ಅಸಾಧ್ಯವೆನಿಸಿಕೊಂಡ ಆ ಒಂದು ಪಾಲಿನ ಮಿತಿ ಅಮೆರಿಕದಲ್ಲಿ ಇಂದಿಗೂ ಜಾರಿಯಲ್ಲಿದೆ.